ಹಾಸನ, ಚಿಕ್ಕಮಗಳೂರಿನ ಮನೆಗಳ ಊಟ ಹೇಗೆ ಬದಲಾಗುತ್ತಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮನೆ ಏನು ತಿನ್ನುತ್ತದೆ, ಎಷ್ಟು ಖರ್ಚು ಮಾಡುತ್ತದೆ ಎಂಬ ಲೆಕ್ಕ ಎಲ್ಲಿಂದ ಬರುತ್ತದೆ?

ದೇಶದ ಮಟ್ಟದಲ್ಲಿ ಈ ಲೆಕ್ಕವನ್ನು ಕೊಡುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸುವ ಕೌಟುಂಬಿಕ ಬಳಕೆ ವೆಚ್ಚದ ಸಮೀಕ್ಷೆ. 2011-12ರ ಸಮೀಕ್ಷೆಯ ನಂತರ 2017-18ರಲ್ಲಿ ಇನ್ನೊಂದು ನಡೆಯಿತಾದರೂ, ಅಂಕಿಅಂಶಗಳ ಗುಣಮಟ್ಟ ಸರಿಯಿಲ್ಲವೆಂದು ಹೇಳಿ ಸರ್ಕಾರ ಅದರ ಫಲಿತಾಂಶವನ್ನು ಬಿಡುಗಡೆ ಮಾಡಲಿಲ್ಲ. ಹೀಗಾಗಿ ಹನ್ನೊಂದು ವರ್ಷಗಳ ಅಂತರದ ಬಳಿಕ, 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ 2,61,746 ಮನೆಗಳಲ್ಲಿ ನಡೆದ ಸಮೀಕ್ಷೆಯೇ ನಮಗೆ ಸಿಕ್ಕ ಹೊಸ ಚಿತ್ರ. ಅದರ ಬೆನ್ನಿಗೇ 2023-24ರ ಸಮೀಕ್ಷೆಯೂ ಬಂದಿದೆ. ಇಲ್ಲಿ ಬರುವ ರಾಷ್ಟ್ರ ಮತ್ತು ರಾಜ್ಯ ಮಟ್ಟದ ಖರ್ಚಿನ ಅಂಕಿಗಳೆಲ್ಲ ಈ ಸರಣಿಯವು. ನಮ್ಮ ಎರಡು ಜಿಲ್ಲೆಗಳ ಬಗ್ಗೆ ಹೇಳುವ ಮಾತುಗಳು ಇಲ್ಲಿನ ಬೆಳೆ, ಸಂತೆ ಮತ್ತು ಅಡುಗೆಮನೆಗಳನ್ನು ನೋಡಿ ಹೇಳುವಂಥವು. ಈ ಎರಡನ್ನೂ ಓದುಗರು ಬೇರೆ ಬೇರೆಯಾಗಿಯೇ ತೂಗಿ ನೋಡಬೇಕು.

ಕಳೆದ ವಾರ ತಿಂದದ್ದನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ? ಇಂಥ ಲೆಕ್ಕವನ್ನು ನಂಬಬಹುದೇ?

ನೆನಪಿನ ಮಿತಿಯನ್ನು ಸಮೀಕ್ಷೆ ಮೊದಲೇ ಗಣನೆಗೆ ತೆಗೆದುಕೊಂಡಿರುತ್ತದೆ. ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮೀನು, ಮಾಂಸ, ಸಾಂಬಾರ ಪದಾರ್ಥ ಹಾಗೂ ಹೊರಗಿನ ತಿಂಡಿಗಳನ್ನು ಕಳೆದ 7 ದಿನಗಳ ಲೆಕ್ಕದಲ್ಲಿಯೂ, ಅಕ್ಕಿ, ರಾಗಿ, ಬೇಳೆ, ಸಕ್ಕರೆಯಂಥ ತಿಂಗಳ ಸಾಮಾನನ್ನು 30 ದಿನಗಳ ಲೆಕ್ಕದಲ್ಲಿಯೂ, ಬಟ್ಟೆ, ಪಾತ್ರೆಯಂಥವನ್ನು ವರ್ಷದ ಲೆಕ್ಕದಲ್ಲಿಯೂ ಕೇಳುತ್ತಾರೆ. ಹಿಂದೆ ಒಂದೇ ಸಲ ಮನೆಗೆ ಬಂದು ಎಲ್ಲವನ್ನೂ ಕೇಳುತ್ತಿದ್ದರು. 2022-23ರಿಂದ ಪ್ರಶ್ನಾವಳಿಯನ್ನು ಮೂರು ಭಾಗ ಮಾಡಿ ಮೂರು ಭೇಟಿಗಳಲ್ಲಿ ಕೇಳುತ್ತಿದ್ದಾರೆ. ಪಟ್ಟಿಯಲ್ಲಿದ್ದ ವಸ್ತುಗಳ ಸಂಖ್ಯೆಯೂ 347ರಿಂದ 405ಕ್ಕೆ ಏರಿದೆ. ಹೆಚ್ಚು ಹೊತ್ತು ಕೂತು ಹೆಚ್ಚು ವಸ್ತುಗಳನ್ನು ಕೇಳಿದಾಗ ಖರ್ಚು ಹೆಚ್ಚಾಗಿ ಕಾಣಿಸುವುದು ಸಹಜ. ಆದ್ದರಿಂದ ಹಳೆಯ ಸಮೀಕ್ಷೆಯ ಜೊತೆಗೆ ಹೊಸದನ್ನು ಇಟ್ಟು ನೋಡುವಾಗ ಸ್ವಲ್ಪ ಎಚ್ಚರ ಬೇಕು. ಒಟ್ಟಾರೆ ದಿಕ್ಕನ್ನು ನಂಬಬಹುದು, ಚಿಲ್ಲರೆ ವ್ಯತ್ಯಾಸಗಳ ಮೇಲೆ ವಾದ ಕಟ್ಟಬಾರದು.

ಮನೆಯಲ್ಲೇ ಬೆಳೆದದ್ದನ್ನು ತಿಂದರೆ ಅದೂ ಖರ್ಚೇ?

ಲೆಕ್ಕದಲ್ಲಿ ಅದೂ ಬಳಕೆಯೇ. ಹೊಲದಿಂದ ಬಂದ ರಾಗಿಗೆ ಹೊಲದ ಬಾಗಿಲಿನಲ್ಲಿ ಸಿಗುವ ಬೆಲೆಯನ್ನು ಕಟ್ಟುತ್ತಾರೆ. ಕಾಡಿನಿಂದ, ಬೇಲಿಯಿಂದ, ಹಳ್ಳದಿಂದ ಬಿಟ್ಟಿಯಾಗಿ ತಂದದ್ದಕ್ಕೆ ಊರಿನ ಚಿಲ್ಲರೆ ಬೆಲೆಯನ್ನು ಹಾಕುತ್ತಾರೆ. ಮಲೆನಾಡಿನಲ್ಲಿ ಮಳೆಗಾಲದ ಕಳಲೆ, ಅಣಬೆ, ಕೆಸುವಿನ ಎಲೆ, ಗದ್ದೆಯ ಏಡಿ ಇವೆಲ್ಲ ತತ್ವದಲ್ಲಿ ಲೆಕ್ಕಕ್ಕೆ ಸೇರಬೇಕಾದವು. ಆದರೆ ಮನೆಯೊಡತಿ ಅದನ್ನು 'ಖರ್ಚು' ಎಂದು ಭಾವಿಸಿರುವುದೇ ಇಲ್ಲವಾದ್ದರಿಂದ, ಎದುರಿಗೆ ಕೂತವರು ಹೆಸರು ಹಿಡಿದು ಕೇಳದಿದ್ದರೆ ಅದು ಬಿಟ್ಟುಹೋಗುತ್ತದೆ ಎಂಬುದು ನನ್ನ ಅನುಮಾನ. ಕೆಸುವಿನ ಎಲೆಯನ್ನು ದುಡ್ಡು ಕೊಟ್ಟು ತರುವುದನ್ನು ಕಂಡರೆ ನಮ್ಮ ಹಿಂದಿನವರು ನಗುತ್ತಿದ್ದರು. ಈಗ ಹಾಸನದ ಮಾರುಕಟ್ಟೆಯಲ್ಲಿ ಅದೂ ಕಟ್ಟಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಊಟದ ಮೇಲಿನ ಖರ್ಚಿನ ಪಾಲು ಇಳಿದಿದೆ ಎನ್ನುತ್ತಾರೆ. ಜನ ಕಡಿಮೆ ತಿನ್ನುತ್ತಿದ್ದಾರೆ ಎಂದು ಇದರ ಅರ್ಥವೇ?

ಅಲ್ಲ. 1999-2000ದಲ್ಲಿ ದೇಶದ ಹಳ್ಳಿಯ ಮನೆಗಳು ತಮ್ಮ ಖರ್ಚಿನ ಸುಮಾರು ಶೇ 59ರಷ್ಟನ್ನು ಆಹಾರಕ್ಕೆ ಕೊಡುತ್ತಿದ್ದವು. 2011-12ರಲ್ಲಿ ಅದು ಶೇ 53ರ ಆಸುಪಾಸಿಗೆ, 2022-23ರಲ್ಲಿ ಸುಮಾರು ಶೇ 46ಕ್ಕೆ ಇಳಿಯಿತು. ಪಟ್ಟಣಗಳಲ್ಲಿ ಇದೇ ಅವಧಿಯಲ್ಲಿ ಅದು ಶೇ 48ರಿಂದ 39ಕ್ಕೆ ಬಂದಿದೆ. ಆದಾಯ ಏರಿದಂತೆ ಊಟದ ಪಾಲು ಇಳಿಯುತ್ತದೆ ಎಂಬುದನ್ನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಗುರುತಿಸಿದ್ದ. ಹೊಟ್ಟೆಗೆ ಒಂದು ಮಿತಿಯಿದೆ, ಮೊಬೈಲು, ಬೈಕು, ಶಾಲೆಯ ಫೀಸಿಗೆ ಅಂಥ ಮಿತಿಯಿಲ್ಲ ಎಂಬುದೇ ಅದರ ಸರಳ ಕಾರಣ.

ಇಳಿಕೆ ಒಂದೇ ಸಮನೆ ಸಾಗಿಲ್ಲ ಎಂಬುದನ್ನೂ ಹೇಳಬೇಕು. 2023-24ರಲ್ಲಿ ಹಳ್ಳಿಗಳ ಪಾಲು ಸುಮಾರು ಶೇ 47ಕ್ಕೆ, ಪಟ್ಟಣಗಳದು ಶೇ 40ರ ಹತ್ತಿರಕ್ಕೆ ಮತ್ತೆ ತುಸು ಏರಿತು. ಆ ವರ್ಷ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ಯಾರೂ ಮರೆತಿರಲಾರರು.

ನಿಜಕ್ಕೂ ಇಳಿದಿರುವುದು ಏನು?

ಧಾನ್ಯ. ಹಣದ ಲೆಕ್ಕದಲ್ಲಿಯೂ ತೂಕದ ಲೆಕ್ಕದಲ್ಲಿಯೂ ಅದು ಇಳಿದಿದೆ. ಹಳ್ಳಿಯ ಮನೆಯ ಒಟ್ಟು ಖರ್ಚಿನಲ್ಲಿ ಧಾನ್ಯದ ಪಾಲು 1999-2000ದಲ್ಲಿ ಶೇ 22ರಷ್ಟಿತ್ತು. 2022-23ರಲ್ಲಿ ಅದು ಶೇ 5ಕ್ಕಿಂತ ತುಸು ಕಡಿಮೆ. ಒಬ್ಬರು ತಿಂಗಳಿಗೆ ತಿನ್ನುವ ಧಾನ್ಯ 1993-94ರಲ್ಲಿ ಹಳ್ಳಿಗಳಲ್ಲಿ ಸುಮಾರು 13.4 ಕಿಲೋ ಇದ್ದದ್ದು 2011-12ರಲ್ಲಿ 11.2 ಕಿಲೋ ಆಗಿ, 2022-23ಕ್ಕೆ 9.6 ಕಿಲೋಗೆ ಬಂದಿದೆ. ಪಟ್ಟಣಗಳಲ್ಲಿ ಅದು ಈಗ 8 ಕಿಲೋ. ಹೊಲದಲ್ಲಿ ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದವನಿಗೆ ಬೇಕಾಗುತ್ತಿದ್ದ ಎರಡು ದೊಡ್ಡ ಮುದ್ದೆ, ಟ್ರ್ಯಾಕ್ಟರ್ ಏರಿ ಕೂತವನಿಗೆ ಬೇಡ. ಇದನ್ನು ಬಡತನದ ಲಕ್ಷಣವೆಂದು ಓದುವುದು ತಪ್ಪು, ಬರೀ ಸಮೃದ್ಧಿಯ ಲಕ್ಷಣವೆಂದು ಓದುವುದೂ ಪೂರ್ತಿ ಸರಿಯಲ್ಲ. ಉಳಿದ ಜಾಗವನ್ನು ಯಾವುದು ತುಂಬಿತು ಎಂಬುದನ್ನು ನೋಡಬೇಕು.

ಆ ಜಾಗವನ್ನು ತುಂಬಿದ್ದು ಯಾವುದು?

ಹಾಲು, ಹಣ್ಣು, ಮೊಟ್ಟೆ, ಮೀನು, ಮಾಂಸ ಮತ್ತು ಎಲ್ಲಕ್ಕಿಂತ ಮುಂದೆ, ಹೊರಗೆ ಕೊಳ್ಳುವ ಪಾನೀಯ ಮತ್ತು ಸಿದ್ಧ ಆಹಾರ. 2022-23ರಲ್ಲಿ ಈ ಕೊನೆಯ ಗುಂಪೊಂದೇ ಹಳ್ಳಿಗಳಲ್ಲಿ ಒಟ್ಟು ಖರ್ಚಿನ ಶೇ 9.6ರಷ್ಟನ್ನೂ ಪಟ್ಟಣಗಳಲ್ಲಿ ಶೇ 10.6ರಷ್ಟನ್ನೂ ತೆಗೆದುಕೊಂಡಿದೆ. ಎಂದರೆ ಹಳ್ಳಿಯ ಮನೆ ಧಾನ್ಯಕ್ಕೆ ಕೊಡುವುದರ ಸುಮಾರು ಎರಡರಷ್ಟು ಹಣವನ್ನು ಚಹಾ, ಬಿಸ್ಕತ್ತು, ಕುರುಕಲು, ಹೋಟೆಲ್ ತಿಂಡಿಗೆ ಕೊಡುತ್ತಿದೆ. ಈ ಗುಂಪಿನಲ್ಲಿ ಚಿಪ್ಸ್ ಪೊಟ್ಟಣದ ಜೊತೆಗೆ ಹೋಟೆಲಿನ ಅನ್ನ ಸಾಂಬಾರೂ ಸೇರಿದೆ ಎಂಬುದನ್ನು ಪತ್ರಿಕೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹಾಸನದ ಬಸ್ ನಿಲ್ದಾಣದ ಪಕ್ಕ ಮಧ್ಯಾಹ್ನ ಮುದ್ದೆ ಊಟ ಮಾಡಿದ ಕೂಲಿಯವನ ಖರ್ಚೂ ಅದೇ ಶೀರ್ಷಿಕೆಯಡಿ ಹೋಗುತ್ತದೆ. ಅದನ್ನೆಲ್ಲ 'ಜಂಕ್' ಎಂದು ಗದರಿಸುವುದು ಅನ್ಯಾಯ.

ಕರ್ನಾಟಕ ಬೇರೆ ರಾಜ್ಯಗಳಿಗಿಂತ ಭಿನ್ನವೇ?

ಖರ್ಚಿನ ಮಟ್ಟದಲ್ಲಿ ನಾವು ರಾಷ್ಟ್ರದ ಸರಾಸರಿಗಿಂತ ಮೇಲಿದ್ದೇವೆ. 2022-23ರಲ್ಲಿ ಒಬ್ಬರ ಮಾಸಿಕ ಬಳಕೆ ವೆಚ್ಚದ ರಾಷ್ಟ್ರೀಯ ಸರಾಸರಿ ಹಳ್ಳಿಗಳಲ್ಲಿ 3,773 ರೂಪಾಯಿ, ಪಟ್ಟಣಗಳಲ್ಲಿ 6,459 ರೂಪಾಯಿ ಇದ್ದರೆ, ಕರ್ನಾಟಕದಲ್ಲಿ ಅದು ಕ್ರಮವಾಗಿ 4,397 ಮತ್ತು 7,666 ರೂಪಾಯಿ. ಮುಂದಿನ ವರ್ಷ ಅದು 4,903 ಮತ್ತು 8,076ಕ್ಕೆ ಏರಿದೆ. ಈ ಮೊತ್ತದಲ್ಲಿ ಊಟ ಮಾತ್ರವಲ್ಲ, ಬಟ್ಟೆ, ಔಷಧ, ಬಾಡಿಗೆ, ಪ್ರಯಾಣ ಎಲ್ಲವೂ ಇದೆ. ಊಟದ ಒಳಗಿನ ಆಯ್ಕೆಯಲ್ಲಿ ಪ್ರದೇಶದ ಗುರುತು ಎದ್ದು ಕಾಣುತ್ತದೆ: ಹರಿಯಾಣ, ಪಂಜಾಬ್, ರಾಜಸ್ಥಾನದಲ್ಲಿ ಊಟದ ಹಣ ಮೊದಲು ಹಾಲಿಗೆ ಹೋಗುತ್ತದೆ, ಕೇರಳದಲ್ಲಿ ಮೀನು ಮಾಂಸಕ್ಕೆ, ತಮಿಳುನಾಡಿನಲ್ಲಿ ಹೊರಗಿನ ಸಿದ್ಧ ಆಹಾರಕ್ಕೆ.

ಹಾಸನಕ್ಕೆ, ಚಿಕ್ಕಮಗಳೂರಿಗೆ ಬೇರೆಯಾಗಿ ಅಂಕಿ ಸಿಗುವುದಿಲ್ಲವೇ?

ಮೇಲಿನ ಎರಡೂ ಸಮೀಕ್ಷೆಗಳನ್ನು ರಾಜ್ಯದ ಮಟ್ಟದ ಅಂದಾಜಿಗೆಂದು ರೂಪಿಸಲಾಗಿದೆ. ಜಿಲ್ಲೆಯ ಸರಾಸರಿ ಎಂದು ಯಾರಾದರೂ ಹೇಳಿದರೆ ಅದರ ಹಿಂದೆ ಎಷ್ಟು ಮನೆಗಳಿವೆ ಎಂದು ಕೇಳುವುದು ಒಳ್ಳೆಯದು. ಅದೂ ಅಲ್ಲದೆ, ನಮ್ಮ ಎರಡೂ ಜಿಲ್ಲೆಗಳಿಗೆ 'ಜಿಲ್ಲೆಯ ಸರಾಸರಿ' ಎಂಬ ಮಾತೇ ಅಷ್ಟಾಗಿ ಹೊಂದುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರುಗಳು ಬಯಲುಸೀಮೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳು ಮಲೆನಾಡು. ಹಾಸನ, ಬೇಲೂರು, ಆಲೂರು, ತರೀಕೆರೆಗಳು ನಡುವಿನ ಅರೆಮಲೆನಾಡು. ಕಡೂರಿನಿಂದ ಮೂಡಿಗೆರೆಗೆ ಒಂದೇ ಬೆಳಗ್ಗೆ ಹೋಗಿಬಿಡಬಹುದು, ಆದರೆ ತಟ್ಟೆಯಲ್ಲಿ ಮುದ್ದೆ ಹೋಗಿ ಕಡುಬು ಬಂದಿರುತ್ತದೆ.

ಹಾಗಾದರೆ ಬಯಲುಸೀಮೆಯ ಊಟಕ್ಕೂ ಮಲೆನಾಡಿನ ಊಟಕ್ಕೂ ಇರುವ ಅಂತರ ಈಗಲೂ ಉಳಿದಿದೆಯೇ?

ರುಚಿಯಲ್ಲಿ ಉಳಿದಿದೆ, ಅದು ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಬಹುಮಟ್ಟಿಗೆ ಅಳಿಸಿದೆ. ಬಯಲಿನಲ್ಲಿ ರಾಗಿ ಮುದ್ದೆ, ಅವರೆ, ಹುರುಳಿ, ಬಸ್ಸಾರು, ಮಸ್ಸೊಪ್ಪು. ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ, ಕಡುಬು, ಪತ್ರೊಡೆ, ಹಲಸು, ನಾಟಿ ಕೋಳಿ ಸಾರು. ಎರಡೂ ಕಡೆ ಹಿಂದೆ ಊಟವು ಮನೆಯ ಭೂಮಿಯಿಂದಲೇ ಹುಟ್ಟುತ್ತಿತ್ತು. ಬಯಲಿನ ಹೊಲಗಳು ಆಲೂಗಡ್ಡೆ, ಮೆಕ್ಕೆಜೋಳ, ಶುಂಠಿಗೆ ತಿರುಗಿದವು. ಮಲೆನಾಡಿನ ಭತ್ತದ ಗದ್ದೆಗಳು ಕೂಲಿಯಾಳು ಸಿಗದೆ, ಆಲೂರು ಸಕಲೇಶಪುರದ ಕಡೆ ಆನೆಗಳ ಕಾಟವೂ ಸೇರಿ, ಪಾಳು ಬಿದ್ದವು ಇಲ್ಲವೇ ಅಡಿಕೆಗೂ ಶುಂಠಿಗೂ ಹೋದವು. ಗದ್ದೆಯ ಸಣ್ಣಕ್ಕಿಯಲ್ಲಿ ಕಡುಬು ಬೇಯಿಸುತ್ತಿದ್ದ ಮನೆ ಈಗ 25 ಕಿಲೋ ಚೀಲದ ಅಕ್ಕಿಯನ್ನು ಅಂಗಡಿಯಿಂದ ತರುತ್ತದೆ. ಕಾಫಿಯ ಬೆಲೆ ಚೆನ್ನಾಗಿದ್ದ ವರ್ಷ ಇದು ಯಾರಿಗೂ ನೋವಾಗುವುದಿಲ್ಲ. ಬೆಲೆ ಬಿದ್ದ ವರ್ಷ, ಮನೆಯ ಕಣಜ ಖಾಲಿ ಎಂಬುದು ಅರಿವಿಗೆ ಬರುತ್ತದೆ.

ರಾಗಿ ಯಾಕೆ ಕಡಿಮೆಯಾಯಿತು? ಜನರ ರುಚಿ ಬದಲಾಯಿತೇ?

ರುಚಿಯ ಮೇಲೆ ಹೊರೆ ಹೊರಿಸುವುದು ಸುಲಭ, ಆದರೆ ಅದು ಕೊನೆಯ ಕಾರಣ. ಮೊದಲನೆಯದು ಹೊಲ. ನಮ್ಮ ಕಡೆ ರಾಗಿ ಹೊಲವೆಂದರೆ ಬರೀ ರಾಗಿಯಲ್ಲ. ಅದರ ನಡುವೆ ಮಿಶ್ರ ಬೆಳೆಗೆಂದು ಬಿಟ್ಟ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಇರುತ್ತಿದ್ದವು. ಒಂದೇ ಹೊಲ ಹಿಟ್ಟು, ಕಾಳು, ಎಣ್ಣೆ, ಒಗ್ಗರಣೆ ಎಲ್ಲವನ್ನೂ ಕೊಡುತ್ತಿತ್ತು. ಹುಲ್ಲು ದನಕ್ಕೆ ಹೋಗುತ್ತಿತ್ತು. ಆ ಹೊಲಕ್ಕೆ ಆಲೂಗಡ್ಡೆಯೋ ಮೆಕ್ಕೆಜೋಳವೋ ಬಂದಾಗ ಒಂದು ಬೆಳೆ ಮಾತ್ರ ಹೋಗಲಿಲ್ಲ, ಐದಾರು ಅಡುಗೆಗಳು ಒಟ್ಟಿಗೆ ಹೋದವು. ಮೆಕ್ಕೆಜೋಳ ಕೋಳಿ ಆಹಾರದ ಕಾರ್ಖಾನೆಗೆ ಹೋಯಿತು, ಮನೆಗೆ ದುಡ್ಡು ಬಂತು, ಆ ದುಡ್ಡಿನಲ್ಲಿ ಬೇಳೆ ಮತ್ತು ಎಣ್ಣೆ ಅಂಗಡಿಯಿಂದ ಬಂದವು. ಗೊರೂರಿನ ಹೇಮಾವತಿ ಜಲಾಶಯದ ನಾಲೆ ತಲುಪಿದ ಕಡೆ ರಾಗಿಯ ಜಾಗಕ್ಕೆ ಭತ್ತ ಬಂತು.

ಎರಡನೆಯದು ಅಡುಗೆಮನೆಯ ಕೆಲಸ. ರಾಗಿಯನ್ನು ಬೀಸುವ ಕಷ್ಟವನ್ನು ಗಿರಣಿ ತಪ್ಪಿಸಿತು, ಆದರೆ ಮುದ್ದೆಯನ್ನು ತಿರುವುವುದು ಮನೆಗಳಲ್ಲಿ ಬಹುಮಟ್ಟಿಗೆ ಇನ್ನೂ ಕೈಯ ಕೆಲಸವೇ. ಬೆಳಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನಿಗೋ ತೋಟದ ಜೀಪಿಗೋ ಹೊರಡಬೇಕಾದ ಹೆಣ್ಣುಮಗಳಿಗೆ ಕುಕ್ಕರಿನ ಅನ್ನ ಮೂರು ಸೀಟಿಯ ಕೆಲಸ. ಅದೇ ಅನ್ನ ಮಧ್ಯಾಹ್ನದ ಡಬ್ಬಿಗೂ ಆಗುತ್ತದೆ, ರಾತ್ರಿಗೆ ಚಿತ್ರಾನ್ನವೂ ಆಗುತ್ತದೆ. ಮುದ್ದೆ ಡಬ್ಬಿಯಲ್ಲಿ ಹೋಗುವ ಊಟವಲ್ಲ, ಬಿಸಿಯಾಗಿಯೇ ಉಣ್ಣಬೇಕು, ಪಕ್ಕದಲ್ಲಿ ತೆಳ್ಳಗಿನ ಸಾರೂ ಇರಬೇಕು. 'ಹಿಟ್ಟಂ ತಿಂದವ ಬೆಟ್ಟವ ಕಿತ್ತಿಟ್ಟ' ಎಂದು ಹಾಡಿ ಹೊಗಳುವವರಲ್ಲಿ ಎಷ್ಟು ಜನ ಹಿಟ್ಟಿನ ಕೋಲು ಹಿಡಿದಿದ್ದಾರೆ ಎಂದು ನಾನು ಕೇಳುವುದುಂಟು.

ಮೂರನೆಯದು ಅನ್ನಕ್ಕಿದ್ದ ಮರ್ಯಾದೆ. ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ ಮಾತ್ರ ಅನ್ನ ಎಂಬ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥವರಿಗೆ ಮೂರು ಹೊತ್ತು ಅನ್ನ ಸಿಗುವುದು ಬಡತನ ದಾಟಿದ ಗುರುತು. ಅವರನ್ನು ಕೂರಿಸಿಕೊಂಡು ಸಿರಿಧಾನ್ಯದ ಉಪನ್ಯಾಸ ಮಾಡುವುದು ಸಲ್ಲದು.

ಅಗ್ಗದ ಪಡಿತರ ಅಕ್ಕಿಯೇ ರಾಗಿಯನ್ನು ಕೊಂದಿತು ಎಂಬ ಮಾತು ನಿಜವೇ?

ಅರ್ಧ ನಿಜ. 2013ರ ಜುಲೈನಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು. ಅದೇ ವರ್ಷ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೂ ಬಂತು. 2023ರ ಜನವರಿಯಿಂದ ಕೇಂದ್ರದ ಪಾಲಿನ ಧಾನ್ಯ ಪೂರ್ತಿ ಉಚಿತ. 2023ರ ಜುಲೈನಿಂದ ರಾಜ್ಯ ಸರ್ಕಾರ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಟ್ಟು, 2025ರ ಫೆಬ್ರುವರಿಯಿಂದ ಅದನ್ನು ಅಕ್ಕಿಗೇ ಬದಲಿಸಿತು. ಆದರೆ ರಾಗಿ ಹೊಲಗಳು ಕರಗತೊಡಗಿದ್ದು 2013ಕ್ಕಿಂತ ಬಹಳ ಹಿಂದೆಯೇ. ದಕ್ಷಿಣದ ಜಿಲ್ಲೆಗಳಲ್ಲಿ ಸೊಸೈಟಿಯಲ್ಲಿ ರಾಗಿಯನ್ನೂ ಕೊಡುವ ಪದ್ಧತಿಯಿದೆ, ಉತ್ತರದಲ್ಲಿ ಜೋಳವನ್ನು ಕೊಡುವಂತೆ. ಬೆಂಬಲ ಬೆಲೆಯೂ ಸಣ್ಣದಲ್ಲ: 2025-26ಕ್ಕೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ನಿಗದಿಯಾಗಿದ್ದರೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ. ಪಡಿತರದ ಅಕ್ಕಿ ಬಡವರ ಮನೆಯ ಖರ್ಚನ್ನು ಇಳಿಸಿ, ಹಾಲಿಗೂ ಮೊಟ್ಟೆಗೂ ಒಂದಿಷ್ಟು ಹಣ ಬಿಡಿಸಿಕೊಟ್ಟಿತು ಎಂಬುದನ್ನು ರಾಗಿಯ ಅಭಿಮಾನಿಗಳು ಒಪ್ಪಿಕೊಳ್ಳಬೇಕು. ನನ್ನ ಆಕ್ಷೇಪ ಅಕ್ಕಿ ಕೊಟ್ಟದ್ದಕ್ಕಲ್ಲ, ಅದರ ಜೊತೆಗೆ ಬೇಳೆ ಕೊಡದಿದ್ದುದಕ್ಕೆ.

ಉಚಿತ ಅಕ್ಕಿಗೆ ದುಡ್ಡೇ ಕೊಡುವುದಿಲ್ಲವಲ್ಲ, ಅದು ಸಮೀಕ್ಷೆಯಲ್ಲಿ ಹೇಗೆ ಬರುತ್ತದೆ?

ಎರಡು ಲೆಕ್ಕ ಕೊಡುತ್ತಾರೆ. ಉಚಿತ ವಸ್ತುಗಳಿಗೆ ಬೆಲೆ ಕಟ್ಟದ ಸರಾಸರಿ ಒಂದು, ಕಟ್ಟಿದ ಸರಾಸರಿ ಇನ್ನೊಂದು. 2022-23ರಲ್ಲಿ ರಾಷ್ಟ್ರದ ಹಳ್ಳಿಗಳಿಗೆ ಮೊದಲನೆಯದು 3,773 ರೂಪಾಯಿ, ಎರಡನೆಯದು 3,860. ಧಾನ್ಯದ ಪಾಲು ಶೇ 5ಕ್ಕಿಂತ ಕೆಳಗೆ ಬಂದುದರ ಹಿಂದೆ ಈ ಉಚಿತ ಧಾನ್ಯದ ಕೈಯೂ ಇದೆ.

ಈಗ ರಾಗಿ ಶ್ರೀಮಂತರ ಊಟವಾಗಿದೆ ಎನ್ನುತ್ತಾರಲ್ಲ?

ನಮ್ಮ ಸೀಮೆಯ ಊಟದಲ್ಲಿ ನಡೆದಿರುವ ಅತಿ ದೊಡ್ಡ ಪಲ್ಲಟ ಇದೇ ಎಂದು ನನಗನಿಸುತ್ತದೆ. ಒಂದು ಕಾಲಕ್ಕೆ ಯಾರ ಮನೆಯಲ್ಲಿ ಬಿಳಿ ಅನ್ನವಿದೆಯೋ ಅವರು ಉಳ್ಳವರು; ಈಗ ಸಕ್ಕರೆ ಕಾಯಿಲೆಗೆ ಹೆದರಿದ ಉಳ್ಳವರು ರಾತ್ರಿ ಮುದ್ದೆಗೆ ಮರಳಿದ್ದಾರೆ, ಕೂಲಿಯವರ ಮನೆಯಲ್ಲಿ ಮೂರು ಹೊತ್ತೂ ಪಾಲಿಶ್ ಮಾಡಿದ ಅಕ್ಕಿ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿ ಮಾಲ್ಟ್, ರಾಗಿ ಬಿಸ್ಕತ್ತು, ರಾಗಿ ಶ್ಯಾವಿಗೆ ಹಿಟ್ಟಿಗಿಂತ ಹಲವು ಪಟ್ಟು ಬೆಲೆಗೆ ಅಂಗಡಿಯ ಎದುರಿನ ಸಾಲಿಗೆ ಬಂದವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ (ಕ್ಯಾಲ್ಸಿಯಂ), ಪಾಲಿಶ್ ಅಕ್ಕಿಯಲ್ಲಿ ಅದರ ಒಂದು ಸಣ್ಣ ಚೂರಷ್ಟೇ ಇದೆ. ಅದು ಹೆಚ್ಚು ಬೇಕಾಗಿರುವ ಬಡ ಮಕ್ಕಳಿಗೆ ಅದನ್ನು ಮುಟ್ಟಿಸುವ ಒಂದು ದಾರಿ ಶಾಲೆ. 2024ರ ಫೆಬ್ರುವರಿಯಿಂದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುತ್ತಿರುವುದನ್ನು ಈ ಕಾರಣಕ್ಕೆ ನಾನು ಮೆಚ್ಚುತ್ತೇನೆ.

ತೋಟದ ಮಾಲೀಕರ ಮನೆಗೂ ತೋಟದ ಕೂಲಿಕಾರರಿರುವ ಲೈನ್ ಮನೆಗೂ ಊಟದಲ್ಲಿ ಎಷ್ಟು ಅಂತರ?

ರಾಷ್ಟ್ರದ ಅಂಕಿಯನ್ನು ಮೊದಲು ನೋಡೋಣ. 2022-23ರಲ್ಲಿ ಹಳ್ಳಿಗಳ ತೀರಾ ಕೆಳಗಿನ ಶೇ 5 ಜನರ ಮಾಸಿಕ ವೆಚ್ಚ ತಲೆಗೆ 1,373 ರೂಪಾಯಿ, ಮೇಲಿನ ಶೇ 5 ಜನರದು 10,501. ಪಟ್ಟಣಗಳಲ್ಲಿ ಇದು 2,001 ಮತ್ತು 20,824. ಊಟದಲ್ಲಿ ಅಂತರ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ, ಏಕೆಂದರೆ ಅಕ್ಕಿ ಇಬ್ಬರ ಮನೆಯಲ್ಲೂ ಇದೆ. ಅಂತರವಿರುವುದು ಅಕ್ಕಿಯ ಪಕ್ಕದಲ್ಲಿ ಏನಿದೆ ಎಂಬುದರಲ್ಲಿ. ಲೈನ್ ಮನೆಯ ಸಾರು ವಾರದ ಕೊನೆಗೆ, ಎಂದರೆ ಸಂತೆಗೆ ಮುಂಚಿನ ಎರಡು ದಿನ, ತೆಳ್ಳಗಾಗುತ್ತದೆ. ಹಣ್ಣು ಜಾತ್ರೆಗೋ ಜ್ವರಕ್ಕೋ ಬರುತ್ತದೆ. ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ, ಉತ್ತರ ಭಾರತದಿಂದ ಬಂದ ಕುಟುಂಬಗಳೂ ಇವೆ. ಅವರಿಂದಾಗಿ ಮಲೆನಾಡಿನ ಸಂತೆಗಳಲ್ಲಿ ಸಾಸಿವೆ ಎಣ್ಣೆಯೂ ಕೆರೆ ಮೀನೂ ಹೆಚ್ಚು ಮಾರಾಟವಾಗುತ್ತಿವೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಅವರು ಇಲ್ಲಿಯೇ ಧಾನ್ಯ ಪಡೆಯಲು ಅವಕಾಶವಿದೆ, ಚೀಟಿ ಊರಿನಲ್ಲಿ ಉಳಿದವರ ಕೈಯಲ್ಲೇ ಇದ್ದರೂ ತಮ್ಮ ಪಾಲನ್ನು ಇಲ್ಲಿ ತೆಗೆದುಕೊಳ್ಳಬಹುದು.

ಹಾಲು ಹಾಕುವ ಮನೆಯಲ್ಲಿ ಹಾಲು ಕುಡಿಯುವುದಿಲ್ಲ ಎಂಬುದು ನಿಜವೇ?

ಹಾಸನ, ಚಿಕ್ಕಮಗಳೂರು ಮತ್ತು ಕೊಡಗು ಸೇರಿ ಒಂದೇ ಹಾಲು ಒಕ್ಕೂಟ. ಹಳ್ಳಿ ಹಳ್ಳಿಗೂ ಡೇರಿಯಿದೆ. ಡೇರಿಯ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ, ಜೊತೆಗೆ ಲೀಟರಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ. ಎಷ್ಟೋ ಮನೆಗಳಲ್ಲಿ ಅದೇ ನಿಯಮಿತ ನಗದು ಆದಾಯ. ಹಾಗಾಗಿ ಅಳತೆಗೆ ಮುಂಚೆ ಮಗುವಿಗೆಂದು ಒಂದು ಲೋಟ, ಕಾಫಿಗೆಂದು ಒಂದು ಲೋಟ ಎತ್ತಿಟ್ಟು ಉಳಿದದ್ದನ್ನು ಹಾಕುವುದು ರೂಢಿ. ಮಜ್ಜಿಗೆ, ಬೆಣ್ಣೆ ಮನೆಯಿಂದ ಮಾಯವಾದದ್ದು ಇದರಿಂದಲೇ. ಹಾಲು ಮಾರುವ ಮನೆ ಪಟ್ಟಣದ ಮೊಸರಿನ ಪೊಟ್ಟಣ ಕೊಳ್ಳುವುದನ್ನು ನೋಡಿ ಅಚ್ಚರಿಪಡಬೇಕಿಲ್ಲ.

ಮಾಂಸ, ಮೀನು, ಮೊಟ್ಟೆ ಹೆಚ್ಚಾಗಿದೆಯೇ?

ಹೆಚ್ಚಾಗಿದೆ, ಆದರೆ ಮುಖ್ಯವಾಗಿ ಫಾರಂ ಕೋಳಿಯ ರೂಪದಲ್ಲಿ. ಹಬ್ಬಕ್ಕೆ ಊರವರೆಲ್ಲ ಸೇರಿ ಕುರಿ ಕೊಯ್ದು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಗುಡ್ಡೆ ಬಾಡಿನ ಪದ್ಧತಿ ಇನ್ನೂ ಇದೆ, ಆದರೆ ಮಟನ್ ಬೆಲೆ ಕೂಲಿಯವರ ವಾರದ ಊಟದಿಂದ ಅದನ್ನು ದೂರ ಇಟ್ಟಿದೆ. ಮಂಗಳೂರು ಕಡೆಯ ಬಂಗುಡೆ, ಬೂತಾಯಿ ಶಿರಾಡಿ ಮತ್ತು ಚಾರ್ಮಾಡಿ ಘಾಟಿ ಹತ್ತಿ ಪ್ರತಿದಿನ ಬರುವುದರಿಂದ ಬಡವರಿಗೆ ಅದೇ ಹತ್ತಿರದ ಪ್ರೋಟೀನು. 2024ರಿಂದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡಾಗಿದೆ. ಶಾಲೆಯಲ್ಲಿ ತಿಂದ ಊಟ ಮನೆಯ ಖರ್ಚಿನಲ್ಲಿ ಬಾರದ ಕಾರಣ ಖರ್ಚಿನ ಸಮೀಕ್ಷೆಯಲ್ಲಿ ಈ ಬದಲಾವಣೆ ಕಾಣಿಸದಿರಬಹುದು.

ಎಣ್ಣೆಯ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ?

ಮಾತಾಡಬೇಕು. ಅಕ್ಕಡಿ ಸಾಲಿನ ಹುಚ್ಚೆಳ್ಳನ್ನು ಗಾಣಕ್ಕೆ ಹಾಕಿಸಿ ವರ್ಷಕ್ಕಾಗುವಷ್ಟು ಎಣ್ಣೆ ತರುತ್ತಿದ್ದ ಮನೆಯಲ್ಲಿ ಎಣ್ಣೆಯನ್ನು ಚಮಚದಲ್ಲಿ ಹಾಕುತ್ತಿದ್ದರು. ಈಗ ಲೀಟರಿನ ಪೊಟ್ಟಣದಲ್ಲಿ ಬರುವುದು ಸೂರ್ಯಕಾಂತಿ ಅಥವಾ ತಾಳೆ ಎಣ್ಣೆ. ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಬೇಕರಿಯ ಖಾರಾ ಬಿಸ್ಕತ್ತು, ಬೋಂಡ, ಪೊಟ್ಟಣದ ಕುರುಕಲುಗಳ ಮೂಲಕ ಹೊಟ್ಟೆ ಸೇರುವ ಎಣ್ಣೆಯನ್ನಂತೂ ಮನೆಯವರು ಎಣಿಸುವುದೇ ಇಲ್ಲ. ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದ ಹಲವು ಕುಟುಂಬಗಳ ಮೂಲ ಹಾಸನ ಜಿಲ್ಲೆಯೇ ಆದ್ದರಿಂದ, ಈ ವಿಷಯದಲ್ಲಿ ನಾವು ಕಠಿಣವಾಗಿ ಮಾತಾಡುವುದೂ ಸ್ವಲ್ಪ ಕಷ್ಟ.

ಇಷ್ಟೆಲ್ಲ ಬದಲಾದ ಮೇಲೆ ಜನ ಆರೋಗ್ಯವಾಗಿದ್ದಾರೆಯೇ?

ಹೊಟ್ಟೆ ತುಂಬುತ್ತಿದೆ. 2022-23ರಲ್ಲಿ ದೇಶದ ಹಳ್ಳಿಗಳಲ್ಲಿ ಒಬ್ಬರ ದಿನದ ಸರಾಸರಿ ಸೇವನೆ 2,233 ಕಿಲೋ ಕ್ಯಾಲೊರಿ, ಪಟ್ಟಣಗಳಲ್ಲಿ 2,250; ಹಳ್ಳಿ ಪಟ್ಟಣದ ಅಂತರ ಬಹುತೇಕ ಇಲ್ಲವಾಗಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 30ರಷ್ಟು ಮಹಿಳೆಯರು ಅಧಿಕ ತೂಕದವರು. ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಈ ಎರಡೂ ಇರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, 2,000 ಕಿಲೋ ಕ್ಯಾಲೊರಿಯ ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಕಾಳು, ಮೊಟ್ಟೆ, ಮಾಂಸದ ಗುಂಪು 85 ಗ್ರಾಂ ಇರಲಿ ಎನ್ನುತ್ತದೆ. ನಮ್ಮ ಊಟದಲ್ಲಿ ಧಾನ್ಯ ಇದಕ್ಕಿಂತ ಹೆಚ್ಚು, ಕಾಳು ಕಡಿಮೆ. ಬಸ್ಸಾರು ಮಾಡುವ ಮನೆಯಲ್ಲಿ ಕಾಳೂ ಸೊಪ್ಪೂ ಒಂದೇ ಪಾತ್ರೆಯಲ್ಲಿ ಬರುತ್ತಿದ್ದವು. ಟೊಮೆಟೊ ತಿಳಿಸಾರಿನ ಮನೆಯಲ್ಲಿ ಎರಡೂ ಬರುವುದಿಲ್ಲ.

ಮನೆಯೊಳಗೆ ಯಾರು ಎಷ್ಟು ತಿನ್ನುತ್ತಾರೆ ಎಂಬುದನ್ನು ಈ ಅಂಕಿಗಳು ಹೇಳುತ್ತವೆಯೇ?

ಹೇಳುವುದಿಲ್ಲ. ಸಮೀಕ್ಷೆ ಮನೆಯ ಒಟ್ಟು ಬಳಕೆಯನ್ನು ತಲೆಯ ಲೆಕ್ಕದಲ್ಲಿ ಸಮನಾಗಿ ಭಾಗಿಸುತ್ತದೆ, ಅಡುಗೆಮನೆ ಹಾಗೆ ಭಾಗಿಸುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ತಟ್ಟೆಗೆ ಅನ್ನ ಉಳಿದಿರುತ್ತದೆ, ಪಲ್ಯ ಉಳಿದಿರುವುದಿಲ್ಲ. ರಕ್ತಹೀನತೆಯ ಅಂಕಿಯನ್ನು ಓದುವಾಗ ನನಗೆ ಮೊದಲು ನೆನಪಾಗುವುದು ಇದು.

ಬೆಲೆಯೇರಿಕೆಯ ಸೂಚ್ಯಂಕಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಜನ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ಮೇಲೆಯೇ ಸೂಚ್ಯಂಕದಲ್ಲಿ ಪ್ರತಿ ವಸ್ತುವಿನ ತೂಕ ನಿಂತಿದೆ. 2012ನ್ನು ಆಧಾರ ವರ್ಷವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಕ್ಕೆ ಶೇ 45.86ರ ತೂಕವಿತ್ತು, ಅದನ್ನು 2011-12ರ ಸಮೀಕ್ಷೆಯಿಂದ ಪಡೆಯಲಾಗಿತ್ತು. ಊಟದ ಪಾಲು ಇಳಿದಂತೆ ಈ ತೂಕವನ್ನೂ ಸರಿಪಡಿಸಬೇಕಾಗುತ್ತದೆ. ಆದರೆ ಖರ್ಚಿನ ಹೆಚ್ಚಿನ ಪಾಲು ಊಟಕ್ಕೇ ಹೋಗುವ ಕೂಲಿ ಕುಟುಂಬಕ್ಕೆ ಸರಾಸರಿಯ ಸೂಚ್ಯಂಕ ಎಂದಿಗೂ ತನ್ನ ಸಂಕಟದ ಅಳತೆಯಾಗುವುದಿಲ್ಲ.

ನಮ್ಮ ಮನೆಯ ಊಟದ ಲೆಕ್ಕವನ್ನು ನಾವೇ ಇಡಬಹುದೇ?

ಖಂಡಿತ, ಒಂದು ನೋಟ್‌ಬುಕ್ ಸಾಕು. ಒಂದು ತಿಂಗಳು ಮನೆಗೆ ಬಂದ ಅಕ್ಕಿ, ರಾಗಿ, ಬೇಳೆ, ಎಣ್ಣೆ, ಹಾಲುಗಳನ್ನು ರೂಪಾಯಿಯಲ್ಲಿ ಮಾತ್ರವಲ್ಲದೆ ತೂಕದಲ್ಲಿಯೂ ಬರೆಯಿರಿ. ಬೆಲೆ ಏರಿದರೂ ತೂಕ ಸುಳ್ಳು ಹೇಳುವುದಿಲ್ಲ. ಸೊಸೈಟಿಯಿಂದ ಬಂದದ್ದು, ಹೊಲದಿಂದ ಬಂದದ್ದು, ಅಂಗಡಿಯಿಂದ ಬಂದದ್ದು ಎಂದು ಮೂರು ಸಾಲು ಮಾಡಿ. ಹೊರಗೆ ತಿಂದದ್ದಕ್ಕೆ ನಾಲ್ಕನೆಯ ಸಾಲು ಇರಲಿ, ಅದನ್ನು ಗಂಡಸರು ಮರೆಯದೆ ಹೇಳಲಿ. ಕೊನೆಗೆ ಉಂಡವರ ಸಂಖ್ಯೆಯಿಂದ ಭಾಗಿಸಿ. ನೆಂಟರಿಗೆ ಬಡಿಸಿದ ಊಟವೂ ಬಡಿಸಿದ ಮನೆಯ ಲೆಕ್ಕಕ್ಕೇ ಸೇರುವುದರಿಂದ ಸರ್ಕಾರದ ಸಮೀಕ್ಷೆಯಲ್ಲೇ ಉಳ್ಳವರ ಸೇವನೆ ಇರುವುದಕ್ಕಿಂತ ಹೆಚ್ಚಾಗಿ ಕಾಣುವುದುಂಟು. ಆದ್ದರಿಂದ ಮನೆಯಲ್ಲಿ ಬೀಗರ ಊಟ ಇಟ್ಟುಕೊಂಡ ತಿಂಗಳನ್ನು ಬಿಟ್ಟು ಬೇರೆ ತಿಂಗಳನ್ನು ಆರಿಸಿಕೊಳ್ಳಿ.